ದಿಬ್ಬದ ಮೇಲಿನ ಗಂಧರಾಜ

ನನ್ನ ಕೈಗುಣ ಚೆನ್ನಾಗಿಲ್ಲವೆಂದು ಅತ್ತೆಯವರು ಮದುವೆಯಾದ ಮೊದಲ ವರ್ಷವೇ ತೀರ್ಪು ಕೊಟ್ಟಿದ್ದರು. ಧಾರವಾಡ ಸೀಮೆಯ ಅವರ ಹಿತ್ತಲಲ್ಲಿ ನಾನು ನೆಟ್ಟ ಸೇವಂತಿಗೆ ಒಣಗಿತು, ಬದನೆ ಸಸಿಗೆ ಹುಳು ಬಿತ್ತು. ಹುಳುವನ್ನು ನಾನೇನು ಅರಿಶಿನ ಕುಂಕುಮ ಕೊಟ್ಟು ಕರೆದಿದ್ದೆನೇ? ಆದರೆ ಅತ್ತೆಯ ಎದುರು ಬಾಯಿ ತೆರೆಯುವ ಕಾಲ ಅದಲ್ಲ. ಹೊಟ್ಟೆಯೊಳಗೇ ಉರಿದುಕೊಂಡೆ.

ಅವರ ಹಿತ್ತಲಿನ ಗಂಧರಾಜ ಇಡೀ ಓಣಿಗೆ ಹೆಸರಾಗಿತ್ತು. ಅದರ ಹೂವಿನ ಕಾಲ ಬಂತೆಂದರೆ, ಬೆಳಿಗ್ಗೆ ಮಿಂದು ವಿಭೂತಿ ಹಚ್ಚಿಕೊಂಡು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಾಗ ಅವರಿಗೆ ಬೇರೆ ಹೂವು ನಡೆಯುತ್ತಿರಲಿಲ್ಲ. ತಾವೇ ಕಿತ್ತು ತರುತ್ತಿದ್ದರು. ನನ್ನನ್ನು ಆ ಗಿಡದ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಐವತ್ತರ ದಶಕದ ಕೊನೆಗೆ ನನ್ನ ಯಜಮಾನರಿಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸ ಸಿಕ್ಕಿತು. ಹೊರಡುವ ದಿನ ಅತ್ತೆಯವರ ಕಾಲು ಮುಟ್ಟಿ, "ನೀವೂ ಬರ್ರಿ ಅತ್ತಿ, ನಾಕು ದಿನ ನಮ್ಮ ಹತ್ರ ಇರ್ರಿ" ಎಂದೆ.

ಅವರು ಗಂಧರಾಜದ ಎರಡು ಟೊಂಗೆ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಹೂವಿಲ್ಲದ ಮನ್ಯಾಗ ನಾ ಇರಂಗಿಲ್ಲ. ಇದನ್ನ ಹಚ್ಚು. ಹೂ ಬಿಟ್ಟಾಗ ಕಾಗದ ಹಾಕು, ಬರ್ತೇನಿ." ನಾನು ಹೊಸ್ತಿಲು ದಾಟುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು. "ನಿನ್ನ ಕೈಗೆ ಅದು ಹತ್ತೂದಿಲ್ಲ ಬಿಡು."

ಆ ಮಾತು ಹಳಿಯಾಳ ದಾಟುವವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿತ್ತು. ಹೂ ಬಿಡಿಸಿಯೇ ತೀರುತ್ತೇನೆ, ಇವರನ್ನು ಕರೆಸಿಯೇ ತೀರುತ್ತೇನೆ ಎಂದು ಹಟ ತೊಟ್ಟೆ.

ನಮಗೆ ಸಿಕ್ಕಿದ್ದು ಎರಡು ಕೋಣೆಯ ಮನೆ, ಹಿಂದೆ ಒಂದು ಪಟ್ಟಿ ನೆಲ. ಬಿದಿರಿನ ಲಾರಿಗಳು ಹಗಲೆಲ್ಲ ಗುಡುಗುಡು ಎನ್ನುತ್ತಿದ್ದವು, ಬಿದಿರು ಬೇಯುವ ವಾಸನೆ ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ನಾನು ತವರಿನಲ್ಲಿ ಕಲಿತ ಹಾಗೆ ನೆಲ ಅಗೆದು, ಟೊಂಗೆ ನೆಟ್ಟು, ಸುತ್ತ ಅಂಗೈ ಎತ್ತರದ ಏರಿ ಕಟ್ಟಿ ಪಾತಿ ಮಾಡಿದೆ. ನಮ್ಮ ಸೀಮೆಯಲ್ಲಿ ಒಂದು ಹನಿಯೂ ಆಚೆ ಹೋಗಬಾರದು. ಮುಖ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲವೂ ಗಿಡದ ಬುಡಕ್ಕೇ. ದಾಂಡೇಲಿಯಲ್ಲಿ ಹೊರಗೆ ಮಳೆ ಧೋ ಎಂದು ಸುರಿಯುತ್ತಿದ್ದರೂ ನಾನು ತಲೆಯ ಮೇಲೆ ಗೋಣಿಚೀಲ ಹೊದ್ದು ಹೋಗಿ ಅಕ್ಕಿ ತೊಳೆದ ನೀರು ಹಾಕಿ ಬರುತ್ತಿದ್ದೆ! ಟೊಂಗೆಗಳು ಹಳದಿಯಾಗಿ ಸತ್ತವು.

ಮರುವರ್ಷ ಯಜಮಾನರು ಊರಿಂದ ಮತ್ತೆರಡು ಟೊಂಗೆ ತಂದರು. ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆಂದು ನಾನು ಏರಿಯನ್ನು ಇನ್ನೂ ಎತ್ತರ ಕಟ್ಟಿದೆ. ಪಕ್ಕದ ಮನೆಯಾಕೆ ಜೋಯಿಡಾ ಕಡೆಯ ಕೊಂಕಣಿ ಹೆಂಗಸು. ಅವಳ ಕಡೆಯ ರೂಢಿಯಂತೆ ನನ್ನನ್ನು 'ಬಾಯಿ' ಎಂದೇ ಕರೆಯುತ್ತಿದ್ದಳು. ಬೇಲಿಯ ಮೇಲೆ ಮೊಣಕೈ ಊರಿ ನೋಡುತ್ತ ನಿಂತಿದ್ದಳು.

"ಬಾಯಿ, ಗಿಡ ನೆಡ್ತೀರೋ ಕೆರೆ ಕಟ್ತೀರೋ?"

"ನಮ್ಮೂರಾಗ ಮುತ್ತ್ಯಾನ ಕಾಲದಿಂದ ಹಿಂಗ ಮಾಡ್ತಾರ," ಎಂದೆ ಬಿರುಸಾಗಿ.

"ನಿಮ್ಮೂರಲ್ಲಿ ಮಳೆ ಎಲ್ಲಿ ಬರ್ತದೆ ಬಾಯಿ? ಇಲ್ಲಿ ದಿಬ್ಬ ಮಾಡಿ ಮೇಲೆ ನೆಡಬೇಕು. ನೀರು ಇಳಿದು ಹೋಗಬೇಕು."

ಕೇಳಿದೆನೇ? ನನಗೆ ಗಿಡ ನೆಡಲು ಕಲಿಸಲು ಇವಳ್ಯಾರು ಎಂದು ಸೆರಗು ಕೊಡವಿಕೊಂಡು ಒಳಗೆ ಹೋದೆ. ಆ ಮಳೆಗಾಲ ಮುಗಿಯುವ ಮುನ್ನವೇ ಟೊಂಗೆ ಕಿತ್ತು ನೋಡಿದರೆ ಬುಡ ಕಪ್ಪಾಗಿತ್ತು, ಹಿಂಡಿದರೆ ನೀರು ಬಂತು. ಅಲ್ಲೇ ಕೂತು ಕಣ್ಣೀರು ಹಾಕಿದೆ. ಎರಡು ವರ್ಷ ನಾನೇ ನನ್ನ ಕೈಯಾರೆ ಅವನ್ನು ಮುಳುಗಿಸಿ ಕೊಂದಿದ್ದೆ.

ಮೂರನೆಯ ಸಲ, ಪಕ್ಕದಾಕೆ ಬಟ್ಟೆ ಒಗೆಯಲು ಹೋದ ಹೊತ್ತು ನೋಡಿ ಮೊಣಕಾಲೆತ್ತರದ ದಿಬ್ಬ ಮಾಡಿದೆ. ಅಡಿಯಲ್ಲಿ ಒಡೆದ ಹಂಚಿನ ಚೂರು ಹಾಕಿ, ಊರಿಂದ ತರಿಸಿದ ಹೊಸ ಟೊಂಗೆ ನೆಟ್ಟೆ. ಅವಳು ಬಂದು ನೋಡಿದಳು. ಸಂಜೆಗೆ ಕಾಡಿನಂಚಿನಿಂದ ಕೊಳೆತ ಎಲೆಯ ಮಣ್ಣು ಒಂದು ಬುಟ್ಟಿ ತಂದು ದಿಬ್ಬಕ್ಕೆ ಸುರಿದು ಹೋದಳು. ನನಗೆ ನಾಚಿಕೆಯಾಯಿತು, ಆದರೆ ಮಣ್ಣನ್ನು ಬೇಡ ಎನ್ನಲಿಲ್ಲ.

ಟೊಂಗೆ ಚಿಗುರಿತು. ಎರಡು ಮಳೆಗಾಲ ಕಳೆದು ಗಿಡ ನನ್ನ ಸೊಂಟ ಮುಟ್ಟಿತು. ಮುಂದಿನ ಬೇಸಿಗೆಯ ಕೊನೆಗೆ ಒಂಬತ್ತು ಮೊಗ್ಗು! ಹೂವಾಗುವವರೆಗೆ ಕಾಯುವ ತಾಳ್ಮೆ ನನಗೆಲ್ಲಿ? ಅಂದೇ ಕಾರ್ಡು ಬರೆದು ಹಾಕಿದೆ: "ಹೂ ಬಿಟ್ಟಾವ. ಬರ್ರಿ."

ಕಾರ್ಡು ಹೋದ ಮೇಲೆ ಮೊಗ್ಗು ಉದುರತೊಡಗಿದವು. ದಿನಕ್ಕೊಂದು, ಒಮ್ಮೆ ಮೂರು. ಅತ್ತೆಯವರು ಬಸ್ಸಿಳಿದು ಬಂದ ಸಂಜೆ ಗಿಡದಲ್ಲಿ ಉಳಿದಿದ್ದು ಎರಡೇ, ಅವೂ ಬಾಯಿ ಬಿಗಿದುಕೊಂಡಿದ್ದವು. ಅವರು ಗಂಟು ಕೆಳಗಿಡದೆ ಸೀದಾ ಹಿತ್ತಲಿಗೆ ಹೋದರು.

"ಎಲ್ಲಿ ಅದಾವ ಹೂ?"

"ನಾಳಿ ಬಿಡ್ತಾವ್ರಿ ಅತ್ತಿ," ಎಂದೆ. ಅವರು ಗಂಟು ಹಿಡಿದುಕೊಂಡೇ ಒಳಗೆ ನಡೆದರು.

ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದೆ. ಕಾರ್ಖಾನೆಯ ವಾಸನೆ ಎಲ್ಲಿ ಹೋಯಿತೋ, ಹಿತ್ತಲ ತುಂಬ ಗಂಧರಾಜವೇ. ಜಿಟಿಜಿಟಿ ಮಳೆಯಲ್ಲಿ ಎರಡೂ ಅರಳಿ ನಿಂತಿದ್ದವು, ಹಾಲಿನಷ್ಟು ಬಿಳಿ. ಕುಣಿಯಬೇಕೆನ್ನಿಸಿತು. ಒಂದನ್ನು ಕಿತ್ತು, ಪೂಜೆಗೆ ಕೂತಿದ್ದ ಅತ್ತೆಯವರ ಮುಂದೆ ಹಿಡಿದೆ. ಅವರು ನನ್ನ ಕೈಯಿಂದಲೇ ತೆಗೆದುಕೊಂಡು ಲಿಂಗದ ಮೇಲಿಟ್ಟರು. ಇನ್ನೊಂದನ್ನು ಓಡಿಹೋಗಿ ಪಕ್ಕದಾಕೆಯ ತುರುಬಿಗೆ ಮುಡಿಸಿದೆ. "ಕೆರೆ ಕಟ್ಟಿದ ಬಾಯಿ ನೀವೇ ಅಲ್ವಾ!" ಎಂದು ಅವಳು ನಕ್ಕಳು, ನಾನೂ ನಕ್ಕೆ.

ಅತ್ತೆಯವರು ಎಂಟು ದಿನ ಇದ್ದರು. ಹೊರಡುವ ಮುಂಜಾನೆ ದಿಬ್ಬದ ಹತ್ತಿರ ನಿಂತು ಮೆಲ್ಲಗೆ ಹೇಳಿದರು, "ನಮ್ಮ ಹಿತ್ತಲದಾಗಿನ ಗಿಡ ಈ ಬ್ಯಾಸಿಗ್ಯಾಗ ಒಣಗಿ ಹೋತವ್ವಾ. ಇದರದೊಂದು ಟೊಂಗಿ ಕೊಡು."

"ನೀವ ಮುರ್ಕೊಳ್ರಿ ಅತ್ತಿ."

"ಬ್ಯಾಡ. ನೀನ ಮುರಿ. ನಿನ್ನ ಕೈಗುಣ ಚಲೋ ಐತಿ."

ನನ್ನ ಕಣ್ಣು ತುಂಬಿತು. ಎರಡು ಟೊಂಗೆ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟೆ. ಆದರೂ ನನ್ನ ನಾಲಿಗೆ ಸುಮ್ಮನಿರುವುದೇ? "ಅತ್ತಿ, ಇಲ್ಲಿ ನೋಡೀನಂತ ಅಲ್ಲಿ ದಿಬ್ಬ ಮಾಡಬ್ಯಾಡ್ರಿ ಮತ್ತ. ಅಲ್ಲಿ ಪಾತಿನ ಬೇಕು."

ಹುಟ್ಟಿದಾಗಿನಿಂದ ಪಾತಿ ಮಾಡುತ್ತಲೇ ಬಂದ ಅತ್ತೆಯವರು, "ಆತವ್ವಾ, ಹಂಗ ಮಾಡ್ತೇನಿ," ಎಂದರು.