ಧ್ವಜದ ಒಂದೂವರೆ ಇಂಚು

ಫಹಾಹೀಲ್‌ನ ನಮ್ಮ ಟೈಲರಿಂಗ್ ಅಂಗಡಿಗೆ ಫೆಬ್ರವರಿ ಬಂತೆಂದರೆ ಸುಗ್ಗಿ. ಕುವೈತಿನ ರಾಷ್ಟ್ರೀಯ ದಿನಕ್ಕೆ ಮಕ್ಕಳಿಗೆಲ್ಲ ಧ್ವಜದ ಬಣ್ಣದ ಉಡುಪು ಬೇಕು, ಮನೆಯ ಮೇಲೆ ಹಾರಿಸಲು ಧ್ವಜವೂ ಬೇಕು. ಹಸಿರು, ಬಿಳಿ, ಕೆಂಪು ಪಟ್ಟಿಗಳನ್ನು ಯಾರು ಬೇಕಾದರೂ ಜೋಡಿಸಿಯಾರು. ಕೋಲಿನ ಬದಿಗೆ ಬರುವ ಕಪ್ಪು ತುಂಡಿನ ಮೂಲೆಗಳನ್ನು ಬಿಳಿ ಪಟ್ಟಿಯ ಅಂಚಿಗೆ ಸರಿಯಾಗಿ ಕೂರಿಸುವುದರಲ್ಲಿದೆ ಕಸಬು. ನನ್ನ ಮೂಲೆ ಒಂದು ನೂಲೂ ತಪ್ಪುವುದಿಲ್ಲ. ಬೆಳ್ತಂಗಡಿ ಕಡೆಯ ಬ್ಯಾರಿಯೊಬ್ಬ ಹೊಲಿದ ಧ್ವಜ ಇಲ್ಲಿನ ಮನೆಗಳ ಮೇಲೆ ಹಾರುತ್ತದೆ ಎಂದು ಊರಿಗೆ ಹೋದಾಗಲೆಲ್ಲ ಜಂಬ ಕೊಚ್ಚುತ್ತೇನೆ. ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ.

ನನ್ನ ಪಕ್ಕದ ಮೆಷಿನ್ನಿನಲ್ಲಿ ಕೂರುವವರು ಬಾಂಗ್ಲಾದೇಶದವರು. ನನಗಿಂತ ಎರಡು ವರ್ಷ ದೊಡ್ಡವರು, ನಾನು ಭಾಯಿ ಅನ್ನುತ್ತೇನೆ. ಅಂಗಡಿಯಲ್ಲಿ ಉಳಿದವರೆಲ್ಲ ಮಂಗಳೂರು ಕಡೆಯವರೇ ಆದ್ದರಿಂದ ಹದಿನಾರು ವರ್ಷಗಳಲ್ಲಿ ಅವರಿಗೆ ನಮ್ಮ ಕನ್ನಡ ಬಂದುಬಿಟ್ಟಿದೆ, ‘ಮಾರಾಯ’ ಸಮೇತ. ಅವರ ಒಬ್ಬಳೇ ಮಗಳು ಢಾಕಾದಲ್ಲಿ ಓದುತ್ತಾಳೆ. ತಮ್ಮ ವಂಶದಲ್ಲಿ ಯೂನಿವರ್ಸಿಟಿಯ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ ಎಂಬುದನ್ನು ಅಳತೆ ಕೊಡಲು ಬಂದ ಗಿರಾಕಿಗಳಿಗೂ ಹೇಳದೆ ಬಿಡುವುದಿಲ್ಲ.

2024ರ ಜುಲೈಯಲ್ಲಿ, ಸರಕಾರಿ ಕೆಲಸದ ಮೀಸಲಾತಿಯ ವಿಷಯಕ್ಕೆ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು. ಮಗಳೂ ಹೋಗುತ್ತಿದ್ದಾಳೆ ಎಂದು ಭಾಯಿ ಹೇಳಿದಾಗ ನನಗೆ ಸಿಟ್ಟು ಬಂತು. ಮುಷ್ಕರ, ಘೋಷಣೆ ನನಗೆ ಆಗಿಬರುವುದಿಲ್ಲ. ಅಪ್ಪ ಇಲ್ಲಿ ಬೆನ್ನು ಬಗ್ಗಿಸಿ ಹೊಲಿಯುವುದು ಮಗಳು ಅಲ್ಲಿ ಕೂಗಿಕೊಂಡು ತಿರುಗಲಿ ಎಂದೋ ಎಂದು ಕೇಳಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಿತ್ತು. “ಒಂದೇ ಮಾತು ಹೇಳಿ ಭಾಯಿ. ಬೀದಿಗೆ ಹೋದ್ರೆ ಇನ್ನು ನಂಗೆ ಫೋನ್ ಮಾಡ್ಬೇಡ ಅಂತ. ತನ್ನಷ್ಟಕ್ಕೆ ಸರಿಯಾಗ್ತಾಳೆ,” ಎಂದು ಹೇಳಿಕೊಟ್ಟೆ. ಭಾಯಿ ಮೆದು ಮನುಷ್ಯ. ಇಸ್ತ್ರಿ ಮೇಜಿನ ಹತ್ತಿರ ನಿಂತು ಮಗಳಿಗೆ ಅದನ್ನೇ ಹೇಳಿ ಫೋನ್ ಇಟ್ಟರು.

ಮರುದಿನ ಅವರ ದೇಶದಲ್ಲಿ ಇಂಟರ್ನೆಟ್ ನಿಂತಿತು. ಮಾಮೂಲಿ ಕರೆಯೂ ಹೋಗಲಿಲ್ಲ. ಟಿ.ವಿ.ಯಲ್ಲಿ ಗುಂಡು, ಹೊಗೆ, ಆಸ್ಪತ್ರೆ. ಸತ್ತವರಲ್ಲಿ ಅವಳ ವಯಸ್ಸಿನವರೇ ಹೆಚ್ಚು ಎಂದು ಸುದ್ದಿ ಬರುತ್ತಿತ್ತು. ಅವಳಿಗೆ ಅಪ್ಪ ಆಡಿದ ಕೊನೆಯ ಮಾತು ಅದೇ ಆಗಿಬಿಟ್ಟರೆ ಎಂದು ನೆನೆದು ನನಗೆ ಊಟ ಸೇರಲಿಲ್ಲ. ಭಾಯಿ ನನ್ನನ್ನು ಒಂದು ಮಾತೂ ದೂರಲಿಲ್ಲ. ಶಾಲೆಯ ಯೂನಿಫಾರ್ಮ್ ಅಂಗಿಗಳಿಗೆ ಎಡ ತೋಳನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸುತ್ತ ಹೋದರು. ಅವರ ಕೈಯಿಂದ ಅಂಥ ತಪ್ಪು ನಾನು ಕಂಡದ್ದೇ ಇಲ್ಲ. ಅವರು ನಮಾಜಿಗೆ ಹೋದಾಗ ಆ ತೋಳುಗಳನ್ನು ಬಿಚ್ಚಿ ಮತ್ತೆ ಹೊಲಿದಿಡುತ್ತಿದ್ದೆ.

ಐದು ದಿನ ಹೀಗೆ ಕಳೆಯಿತು. ಆರನೆಯ ದಿನ ಮಧ್ಯಾಹ್ನ ಅವರ ಫೋನ್ ಕಿಣಿಕಿಣಿ ಎಂದಿತು. ಭಾಯಿ ನೆಲದಲ್ಲೇ ಕೂತು ಮಾತಾಡಿದರು. ಘೋಷಣೆ ಕೂಗಿ ಗಂಟಲು ಕಟ್ಟಿಹೋದ ಹುಡುಗಿಯ ದನಿ ನನಗೂ ಕೇಳಿಸಿತು. ಭುಜಕ್ಕೆ ಹೊಕ್ಕಿದ್ದ ಪೆಲೆಟ್ ಗುಂಡನ್ನು ತೆಗೆಸಿಕೊಂಡಿದ್ದಳಂತೆ. ಮಾತು ಮುಗಿದ ಮೇಲೆ ಅವರು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಇನ್ನೂ ಹೋಗ್ತೇನೆ ಅಂತಾಳೆ. ಹೋಗು, ಶಾಲು ಬಿಗಿಯಾಗಿ ಕಟ್ಕೊ ಅಂದೆ. ಎಂತ ಮಾಡುದು ಮಾರಾಯ, ಅವಳೇ ಹೆದರುದಿಲ್ಲ, ಮತ್ತೆ ನಾನು ಯಾಕೆ ಹೆದರುದು?”

ಹದಿನಾರು ವರ್ಷದಲ್ಲಿ ಅವರು ಅಷ್ಟು ನೇರವಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ಆಗಸ್ಟ್ ಮೊದಲ ವಾರ ಅಲ್ಲಿನ ಸರಕಾರವೇ ಉರುಳಿತು. ಇಲ್ಲಿ ನಾವು ಗುಂಪು ಕಟ್ಟಿ ಕೂಗುವಂತಿಲ್ಲ, ಇಲ್ಲಿರಲು ಕೊಟ್ಟ ಪರವಾನಗಿ, ಇಕಾಮಾ, ರದ್ದಾಗಿ ಊರಿಗೆ ಹೊರಡಬೇಕಾದೀತು. ಶಟರ್ ಅರ್ಧ ಎಳೆದು ಅಂಗಡಿಯವರೆಲ್ಲ ಚಹಾ ಕುಡಿದೆವು, ಅಷ್ಟೇ.

ಹೇಳಿಕೊಟ್ಟ ಮಾತು ಮಾತ್ರ ನನ್ನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಅದಕ್ಕೇ ಉಳಿದ ಬಟ್ಟೆಯಲ್ಲಿ ಭಾಯಿಯ ಮಗಳಿಗೆ ಅವಳ ದೇಶದ ಧ್ವಜ ಹೊಲಿದೆ. ಎರಡೂವರೆ ಅಡಿ ಉದ್ದದ ಹಸಿರು, ಮೇಲೆ ಕೆಂಪು ವೃತ್ತ. ಟೇಪು ಹಿಡಿದು ನಾಲ್ಕು ಸಲ ಅಳೆದು ವೃತ್ತವನ್ನು ನಟ್ಟನಡುವೆ ಕೂರಿಸಿದೆ. ಕುವೈತಿನ ಧ್ವಜ ಹೊಲಿಯುವವನಿಗೆ ಇದೊಂದು ದೊಡ್ಡ ವಿಷಯವೇ ಎಂಬ ಗತ್ತು ಬೇರೆ. ಭಾಯಿ ಅದನ್ನು ಬಿಡಿಸಿ ನೋಡಿ ನಕ್ಕರು. ಅವರ ಧ್ವಜದಲ್ಲಿ ವೃತ್ತ ನಡುವೆ ಇರುವುದಿಲ್ಲವಂತೆ. ಕೋಲಿನ ಕಡೆಗೆ ತುಸು ಸರಿದಿರುತ್ತದೆ, ಗಾಳಿಗೆ ಹಾರುವಾಗ ನಡುವೆ ಕಾಣಲಿ ಎಂದು. ಲೆಕ್ಕ ಹಾಕಿದರೆ ನಾನು ಒಂದೂವರೆ ಇಂಚು ತಪ್ಪಿದ್ದೆ.

ನಾಚಿಕೆಯಾಯಿತು. ಹೊಲಿಗೆ ಬಿಚ್ಚಿ ವೃತ್ತವನ್ನು ಸರಿಸಿದೆ. ಹಸಿರಿನ ಮೇಲೆ ಹಳೆಯ ಸೂಜಿ ತೂತುಗಳು ಸಾಲಾಗಿ ಉಳಿದವು. ಹೊಸ ಬಟ್ಟೆ ಕತ್ತರಿಸುತ್ತೇನೆ ಎಂದರೆ ಭಾಯಿ ಬಿಡಲಿಲ್ಲ, ಹಾಗೆಯೇ ಮಡಚಿ ಊರಿಗೆ ಹೊರಟ ಗೆಳೆಯರ ಕೈಯಲ್ಲಿ ಕೊಟ್ಟು ಕಳಿಸಿದರು.

ಡಿಸೆಂಬರಿನಲ್ಲಿ ಅವರ ವಿಜಯ ದಿನದಂದು ಅವಳು ವಿಡಿಯೊ ಕಾಲ್ ಮಾಡಿದಳು. ತಾರಸಿಯ ಮೇಲೆ ನನ್ನ ಧ್ವಜ ಹಾರುತ್ತಿತ್ತು, ವೃತ್ತ ನಟ್ಟನಡುವೆ ಕಾಣುತ್ತಿತ್ತು. ನನಗೆ ಎದೆ ಉಬ್ಬಿತು. ಆದರೆ ಅವಳು ದರ್ಜಿಯ ಮಗಳು. ಈ ತೂತುಗಳು ಯಾರದ್ದು ಎಂದು ಕೇಳಿದಳು. ಭಾಯಿ ಫೋನನ್ನು ನನ್ನ ಕಡೆ ತಿರುಗಿಸಿದರು.

ತಪ್ಪು ಜಾಗದಲ್ಲಿ ಹೊಲಿದು ಆಮೇಲೆ ಬಿಚ್ಚಿದ್ದು ನಾನೇ ಎಂದು ಹಿಂದಿಯಲ್ಲಿ ಹೇಳಿದೆ. ಫೋನ್ ಮಾಡಬೇಡ ಎಂದು ನಿನ್ನ ಅಪ್ಪನಿಗೆ ಆವತ್ತು ಹೇಳಿಕೊಟ್ಟದ್ದೂ ನಾನೇ ಮಗಳೇ, ಮಾಫ್ ಮಾಡು ಎಂದೆ.

ಅವಳು ಟಿ.ವಿ. ನೋಡಿ ಕಲಿತ ಹಿಂದಿಯಲ್ಲಿ ಹೇಳಿದಳು, “ಗೊತ್ತಿತ್ತು ಚಾಚಾ. ನನ್ನ ಅಬ್ಬಾ ಹಾಗೆಲ್ಲ ಹೇಳುವವರಲ್ಲ. ಅದಕ್ಕೇ ನೆಟ್ ಬಂದ ಕೂಡಲೇ ಮೊದಲು ಅವರಿಗೇ ಫೋನ್ ಮಾಡಿದ್ದು.”