ಬೋರ್ಡಣ್ಣನ ಏಳನೆಯ ಮಣಿ

ಬೋರ್ಡಣ್ಣ ಮಂಗಳವಾರ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡ. ಅರವತ್ತಾರು ವರ್ಷವಾಗಿತ್ತು. ಹೃದಯ ನಿಂತಿತು ಎಂದರು ಡಾಕ್ಟರು. ಬೆನ್ನಿಗೆ ಏನೂ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು ಬೆನ್ನಿನ ವಿಷಯವನ್ನೇ.

ಮೂವತ್ತು ವರ್ಷ ಅವನು ಮನೆ ಸಾಗಿಸುವ ಕಂಪನಿಯಲ್ಲಿ ದುಡಿದ. ಲಿಫ್ಟಿನಲ್ಲಿ ಹಿಡಿಸದ್ದೆಲ್ಲ ಅವನ ಪಾಲಿಗೆ: ಬೀರು, ಮಂಚ, ಅಜ್ಜಿಯರ ಕಾಲದ ಊಟದ ಮೇಜು. ಮೆಟ್ಟಿಲ ತಿರುವು ನೋಡಿದರೆ ಸಾಕು, ಯಾವ ಸಾಮಾನನ್ನು ಯಾವ ಓರೆಯಲ್ಲಿ ತಿರುಗಿಸಬೇಕು ಎಂದು ಹೇಳಿಬಿಡುತ್ತಿದ್ದ. ಆಗ ಅವನಿಗೆ ಅಡ್ಡಹೆಸರೇನೂ ಇರಲಿಲ್ಲ. ಅದು ಬಂದದ್ದು ಫಿಸಿಯೋಥೆರಪಿ ಕಾಲೇಜಿನ ಮೇಡಂ ಮನೆ ಬದಲಾಯಿಸಿದ ದಿನ.

ಮೇಡಂ ಮನೆಯಲ್ಲಿ ಬೀರುವಿಗಿಂತ ಪುಸ್ತಕದ ಭಾರವೇ ಹೆಚ್ಚು. ಅಂಥ ಎರಡು ಪೆಟ್ಟಿಗೆಗಳನ್ನು ಎದೆಗವಚಿಕೊಂಡು ಅವನು ಮೂರನೆಯ ಮಹಡಿಗೆ ಹತ್ತುತ್ತಿದ್ದ. ಬನಿಯನ್ನು ಬೆವರಿಗೆ ಮೈಗಂಟಿತ್ತು. ಹಿಂದಿನಿಂದ ಹತ್ತುತ್ತಿದ್ದ ಮೇಡಂ ಗೊಣಗತೊಡಗಿದರು.

"ಟ್ರಪೀಜಿಯಸ್... ಲ್ಯಾಟಿಸ್ಸಿಮಸ್... ಅಯ್ಯೋ, ರಾಂಬಾಯ್ಡು ಕೂಡ."

ಅವನು ನಿಂತ. "ಏನು ಒಡೆದೆ ಅಂತ ಮೊದಲು ಹೇಳೀಮ್ಮ, ಆಮೇಲೆ ಬೈರಿ."

"ಬೈತಿಲ್ಲಪ್ಪ, ಓದ್ತಿದೀನಿ."

"ಎಲ್ಲಿ ಬರೆದಿದೆ?"

"ನಿಮ್ಮ ಬೆನ್ನ ಮೇಲೆ."

ಕೆಳಗಿನ ತಿರುವಿನಲ್ಲಿ ಬೀರುವಿಗೆ ಒರಗಿ ನಿಂತಿದ್ದ ಜೊತೆಗಾರ ಸುಮ್ಮನಿರಲಿಲ್ಲ. "ಮುಂದೆ ಓದೋಕಾಗ್ಲಿಲ್ಲ ಅಂತ ಅವನಿಗೆ ಬೇಜಾರಿತ್ತು ಮೇಡಂ. ಹಿಂದೆಯಾದ್ರೂ ಓದಿಸ್ಕೊಳ್ಲಿ ಬಿಡಿ."

ಪಾಠಕ್ಕೆ ಆ ಬೆನ್ನು ಬೇಕೆಂದು ಮೇಡಂ ಕೇಳಿಕೊಂಡ ಮೇಲೆ, ಮರುವಾರದಿಂದ ಪ್ರತಿ ಗುರುವಾರ ಅವನು ಕಾಲೇಜಿನಲ್ಲಿ ಒಂದು ಸ್ಟೂಲಿನ ಮೇಲೆ ಮೂವತ್ತು ಹುಡುಗ ಹುಡುಗಿಯರಿಗೆ ಬೆನ್ನು ಮಾಡಿ ಕೂತ. ಬೆನ್ನು ತೋರಿಸಿ ಗೌರವ ಸಂಪಾದಿಸಿದವನು ಅವನೊಬ್ಬನೇ ಇರಬೇಕು. ಮೇಡಂ ಬಣ್ಣದ ಪೆನ್ಸಿಲ್ಲಿನಿಂದ ಚರ್ಮದ ಮೇಲೇ ಸ್ನಾಯುಗಳ ಗೆರೆ ಎಳೆದು ಹೆಸರು ಬರೆಯುತ್ತಿದ್ದರು. ಕತ್ತಿನಿಂದ ಎರಡೂ ಭುಜಕ್ಕೆ ಹರಡಿ, ನಡುಬೆನ್ನಿನ ಕೆಳಗೆ ಮೊನೆಯಾಗುವ ಕೆಂಪು ಗಾಳಿಪಟ ಟ್ರಪೀಜಿಯಸ್. ಸೊಂಟದಿಂದ ಎದ್ದು ಕಂಕುಳಿನ ಕಡೆ ಹೋಗುವ ಹಸಿರು ರೆಕ್ಕೆಗಳು ಲ್ಯಾಟಿಸ್ಸಿಮಸ್. ಬೆನ್ನುಮೂಳೆಯ ಎರಡೂ ಪಕ್ಕ ಹೊಸೆದ ಹಗ್ಗದಂತೆ ಉದ್ದಕ್ಕೆ ನಿಂತ ಸ್ನಾಯುಗಳಿಗೆ ನೀಲಿ.

"ಇಷ್ಟು ವರ್ಷ ಕೈಯಲ್ಲಿ ಎತ್ತಿದೆ ಅಂದ್ಕೊಂಡಿದ್ದೆ," ಎಂದ ಮೊದಲ ದಿನ.

"ಕೈ ಬರೀ ಕೊಕ್ಕೆ. ನೆಟ್ಟಗೆ ನಿಲ್ಲಿಸೋದು ಈ ಹಗ್ಗಗಳು," ಎಂದರು ಮೇಡಂ. "ಈಗ ಸುಮ್ಮನಿರಿ. ಬೋರ್ಡು ಮಾತಾಡಬಾರದು."

ಹೆಸರು ಅಲ್ಲೇ ಅಂಟಿತು. ನಿಯಮವೂ ಅಂಟಿತು. ತರಗತಿಯಲ್ಲಿ ಯಾರು ಎಲ್ಲಿ ಎಡವಿದರೂ ಬೋರ್ಡಣ್ಣ ಮಿಸುಕುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ವಿಚಾರಣೆಯಾಯಿತು. ಅವನ ಹೆಂಡತಿ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆಯವಳು. ಹಿಂದುಮುಂದು ಎರಡನ್ನೂ ನೋಡದೆ ಯಾವುದನ್ನೂ ಮಡಿಸಿಡುವವಳಲ್ಲ. ಅರ್ಧ ಅಳಿಸಿದ ಅಕ್ಷರಗಳನ್ನು ನೋಡಿ ಕೇಳಿದಳು, "ರೀ, ಯಾರ್ರೀ ಇವಳು ಲ್ಯಾಟಿ?"

"ಎಲ್ಲಿದ್ದಾಳೆ?"

"ನಿಮ್ಮ ಪಕ್ಕೆಲುಬಿನ ಹತ್ರ. ಬೆನ್ನ ಹಿಂದೆ ಏನೇನು ನಡೀತಿದೆಯೋ ನಿಮಗೇ ಗೊತ್ತಿಲ್ಲ."

ಗೊತ್ತಿರಲಿಲ್ಲ ಎಂಬುದು ನಿಜ. ಯಾರೂ ತಮ್ಮ ಬೆನ್ನನ್ನು ನೇರವಾಗಿ ಕಂಡವರಲ್ಲ. ಅಂದಿನಿಂದ ಗುರುವಾರ ಸಂಜೆ ಅವನು ಅಂಗಿ ಬಿಚ್ಚಿ ಅವಳತ್ತ ಬೆನ್ನು ಮಾಡಿ ಕೂರುವುದು, ಅವಳು ಓದಿ ಹೇಳುವುದು, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸುವುದು ರೂಢಿಯಾಯಿತು. ಐವತ್ತೆಂಟಕ್ಕೆ ಮೊಣಕಾಲುಗಳು ರಾಜೀನಾಮೆ ಕೊಟ್ಟವು. ಬೆನ್ನು ಕೆಲಸದಲ್ಲೇ ಉಳಿಯಿತು.

ಆ ಬೆನ್ನಿನಲ್ಲಿ ಒಂದು ಕಿತಾಪತಿ ಇತ್ತು. ಬೆನ್ನುಮೂಳೆಯನ್ನು ಮಣಿ ಪೋಣಿಸಿದಂತೆ ಎಣಿಸುತ್ತಾರೆ: ಕತ್ತಿಗೆ ಏಳು, ಎದೆಗೆ ಹನ್ನೆರಡು, ಸೊಂಟಕ್ಕೆ ಐದು, ಅದರ ಕೆಳಗಿನವು ಕೂಡಿಕೊಂಡು ಒಂದಾದವು. ಕತ್ತು ಬಗ್ಗಿಸಿದಾಗ ಬುಡದಲ್ಲಿ ಎಲ್ಲಕ್ಕಿಂತ ಉಬ್ಬಿ ಕಾಣುವ ಮಣಿ ಸಾಮಾನ್ಯವಾಗಿ ಏಳನೆಯದು. ಅಲ್ಲಿಂದ ಕೆಳಕ್ಕೆ ಲೆಕ್ಕ ಶುರು. ಬೋರ್ಡಣ್ಣನಲ್ಲಿ ಉಬ್ಬಿದ್ದು ಎಂಟನೆಯದು, ಅಂದರೆ ಎದೆಯ ಮೊದಲನೆಯ ಮಣಿ. ಅದನ್ನು ನಂಬಿ ಎಣಿಸಿದವರ ಲೆಕ್ಕ ಸೊಂಟದವರೆಗೂ ಒಂದೊಂದು ತಪ್ಪುತ್ತಿತ್ತು. ಮೇಡಂ ಮೊದಲ ವರ್ಷವೇ ಇದನ್ನು ಕಂಡುಹಿಡಿದು ಎಲ್ಲರಿಗೂ ಹೇಳಿಕೊಟ್ಟಿದ್ದರು. ಆದರೂ ಪರೀಕ್ಷೆಯ ಗಾಬರಿಯಲ್ಲಿ ಬೆರಳು ಉಬ್ಬನ್ನೇ ಹುಡುಕಿಕೊಂಡು ಹೋಗುತ್ತಿತ್ತು.

ಹಾಗೆ ಎರಡು ಸಲ ಫೇಲಾದವಳು ಎಡಗೈ. ಎಡಗೈಯಲ್ಲಿ ಬರೆಯುವ, ಮಾತು ಕಡಿಮೆಯ ಹುಡುಗಿ. ಎರಡು ಸಲವೂ, ಯಾರ ಬೆನ್ನು ಎಣಿಸಬೇಕೆಂದು ಚೀಟಿ ಎತ್ತಿದಾಗ ಅವಳಿಗೆ ಸಿಕ್ಕಿದ್ದು ಬೋರ್ಡಣ್ಣನ ಬೆನ್ನು. ಮೂರನೆಯ ಸಲವೂ ತಪ್ಪಿದರೆ ಕಾಲೇಜು ಬಿಡಬೇಕು, ಅದು ಅಲ್ಲಿನ ಕಾನೂನು.

ಬೋರ್ಡಣ್ಣನಿಗೆ ಊಟ ಸೇರದಾಯಿತು. ಮೇಡಂ ಹತ್ತಿರ ಹೋದ. "ನನ್ನ ಮೂಳೆ ಸುಳ್ಳು ಹೇಳಿ ಆ ಮಗೂನ ಓಡಿಸ್ತಿದೆ. ಈ ಸಲ ಬೆರಳು ತಪ್ಪಿದ್ರೆ ಸ್ವಲ್ಪ ಕೆಮ್ಮಲಾ?"

"ಕೆಮ್ಮಿದ್ರೆ ಇಬ್ಬರನ್ನೂ ಹೊರಗೆ ಕಳಿಸ್ತೀನಿ. ನಾಳೆ ಒಬ್ಬ ರೋಗಿ ಅವಳ ಮುಂದೆ ಕೂರ್ತಾನೆ. ಅವನು ಕೆಮ್ಮಿ ಹೇಳ್ತಾನಾ?" ಮೇಡಂ ಸ್ವಲ್ಪ ತಗ್ಗಿದರು. "ಬೇಕಾದ್ರೆ ಆ ದಿನ ನೀವು ಬರಬೇಡಿ. ಬೇರೆಯವರನ್ನ ಕೂರಿಸ್ತೀನಿ."

ಈ ಮಾತು ಎಡಗೈಯ ಕಿವಿಗೂ ಬಿತ್ತು. "ಬೇಡ. ಈ ಸಲ ಚೀಟಿ ಎತ್ತೋದೂ ಬೇಡ ಮೇಡಂ, ಅವರೇ ಕೂರಲಿ," ಎಂದಳಂತೆ. "ಸುಲಭದ ಬೆನ್ನಲ್ಲಿ ಪಾಸಾದ್ರೆ ನನ್ನ ಬೆರಳಿಗೆ ಗೊತ್ತಿರುತ್ತೆ."

ಆಮೇಲಿನ ಭಾನುವಾರಗಳಲ್ಲಿ ಅವಳು ಬೋರ್ಡಣ್ಣನ ಮನೆಗೆ ಬಂದಳು. ಹೊಲಿಗೆ ಯಂತ್ರದ ಪಕ್ಕ ಸ್ಟೂಲು. ಮೊದಲು ಅವನ ಹೆಂಡತಿಯ ಬೆನ್ನು ಎಣಿಸಿದಳು, ಸರಿಯಾಗಿ ಬಂತು.

"ನಂದು ನೆಟ್ಟಗಿರೋ ಬೆನ್ನಮ್ಮ, ಒಳಗೊಂದು ಹೊರಗೊಂದಿಲ್ಲ," ಎಂದಳು ಹೆಂಡತಿ. "ಇನ್ನು ಆ ಮೋಸಗಾರನ ಹತ್ರ ಹೋಗು."

ಮೋಸಗಾರನ ಹತ್ತಿರ ಬೆರಳು ಮತ್ತೆ ಉಬ್ಬಿನ ಮೇಲೆ ಕೂತಿತು. ಬೋರ್ಡಣ್ಣ ತಿರುಗಿ ಕೂತ.

"ಏನಮ್ಮಾ ಎಡಗೈ, ಎರಡು ಸಲವೂ ನೀನು ನನ್ನ ಹತ್ರ ಒಂದು ಮಾತೂ ಆಡಲಿಲ್ಲ. ಯಾಕೆ?"

"ದೊಡ್ಡವರಿಗೆ ಹಾಗೆ ಮಾಡಿ, ಹೀಗೆ ಮಾಡಿ ಅಂತ ಹೇಗೆ ಹೇಳೋದು? ಅದೂ ಅಲ್ಲದೆ, ಬೋರ್ಡು ಮಾತಾಡಬಾರದಲ್ಲ."

"ಬೋರ್ಡು ಮಾತಾಡಬಾರದು. ಬೋರ್ಡಿನ ಹತ್ರ ಮಾತಾಡಬಾರದು ಅಂತ ಯಾರು ಹೇಳಿದ್ರು?" ಅವನಿಗೆ ನಗು ಬಂತು. "ಉಬ್ಬಿನ ಮೇಲಿನ ಎರಡು ಮಣಿಗೆ ಎರಡು ಬೆರಳಿಡು. ‘ತಲೆ ಎತ್ತಿ’ ಅನ್ನು. ನಾನು ಎತ್ತಿದಾಗ ಬೆರಳಡಿಯಿಂದ ಜಾರಿ ಹೋಗೋನು ಆರನೆಯವನು. ಅವನ ಕೆಳಗೆ ಜಗ್ಗದೆ ಕೂತಿರ್ತಾನಲ್ಲ, ಅವನು ಏಳು. ಅವನ ಕೆಳಗೆ ಉಬ್ಬಿರೋನು ಬರೀ ಜಂಬದವನು. ಅವನನ್ನ ಮಾತಾಡಿಸಲೇಬೇಡ."

ಅದು ಮೇಡಂ ಹತ್ತು ಸಲ ಹೇಳಿದ್ದೇ. ಆದರೆ ಬೆನ್ನೇ ಹೇಳಿದ್ದು ಅದೇ ಮೊದಲು.

ಆ ಮಂಗಳವಾರದ ಹಿಂದಿನ ದಿನ, ಸೋಮವಾರ, ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ಕತ್ತಿನ ಏಳನೆಯದನ್ನೂ ಅದರಿಂದ ಎಣಿಸಿ ಎದೆಯ ನಾಲ್ಕನೆಯದನ್ನೂ ಗುರುತು ಮಾಡಿ ತೋರಿಸಬೇಕಿತ್ತು. ಎಡಗೈಯ ಬೆರಳು ತಣ್ಣಗಿತ್ತು. ಅದು ನೇರ ಜಂಬದವನ ಮೇಲೆ ಹೋಗಿ ಕೂತಿತು. ಬೋರ್ಡಣ್ಣನ ಗಂಟಲು ಕೆರೆಯಿತು. ಕೆಮ್ಮು ನಿಜವಾಗಿಯೂ ಬಂದಿತ್ತು. ಎದುರಿನ ಗೋಡೆಯ ಮೊಳೆಯೊಂದನ್ನು ದಿಟ್ಟಿಸುತ್ತ ಅದನ್ನು ನುಂಗಿದ. ಬೆರಳು ಅಲ್ಲೇ ಇತ್ತು. ಪರೀಕ್ಷಕರ ಪೆನ್ನಿನ ಮುಚ್ಚಳ ತೆರೆದ ಸದ್ದು ಕೇಳಿಸಿತು.

"ಬೋರ್ಡಣ್ಣ," ಎಂದಳು ಹಿಂದಿನಿಂದ, "ಸ್ವಲ್ಪ ತಲೆ ಎತ್ತಿ."

ಎತ್ತಿದ. ಬೆರಳು ಒಂದು ಮಣಿಯಷ್ಟು ಮೇಲೆ ಸರಿಯಿತು. ಚರ್ಮದ ಮೇಲೆ ಪೆನ್ಸಿಲ್ಲು ಆಡಿತು.

ಸಂಜೆ ಮನೆಗೆ ಬಂದವನು ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂತ. ಹೆಂಡತಿ ಒದ್ದೆ ಬಟ್ಟೆ ತಂದಳು.

"ಒರೆಸಬೇಡ, ಮೊದಲು ಓದು."

"ಒಂದು ಏಳು ಇದೆ. ಎಡಕ್ಕೆ ವಾಲಿದೆ. ಕೆಳಗೊಂದು ನಾಲ್ಕು. ಪಾಸಂತಾ?"

"ಪಾಸು."

ಅವಳು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಇದು ಸರಿಯಾದ ಜಾಗಾನೇ ಏನ್ರೀ? ದೊಡ್ಡದು ಇದರ ಕೆಳಗಿದೆಯಲ್ಲ."

"ನೀನೇ ಬೆರಳಿಟ್ಟು ನೋಡೇ."

ಅವಳು ಎರಡು ಬೆರಳಿಟ್ಟಳು. ಆಮೇಲೆ ಏನು ಹೇಳಬೇಕೆಂದು ಅವಳಿಗೂ ಗೊತ್ತಿತ್ತು. ಅವಳು ಹೇಳುವ ಮೊದಲೇ ಬೋರ್ಡಣ್ಣ ತಲೆ ಎತ್ತಿದ.