ಪುಕ್ಕಟೆ ಪ್ಲಗಿನ್‌ಗಳೂ ಹನ್ನೊಂದು ಹಸೆ ಹಾಡುಗಳೂ

ಜಾಲಹಳ್ಳಿಯ ಆ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದ ದಿನ ಟೆಂಪೋದಿಂದ ಇಳಿದ ಸಾಮಾನುಗಳಲ್ಲಿ ಕೆಳಗಿನ ಮನೆಯ ಓನರ್ ದಂಪತಿಗಳ ಕಣ್ಣಿಗೆ ಬಿದ್ದದ್ದು ಒಂದು ಕೀಬೋರ್ಡು ಮತ್ತು ಅದರ ಜೊತೆಗಿದ್ದ ಮೈಕು. ‘ಭಜನೆ ಕ್ಲಾಸ್ ನಡೆಸ್ತೀರಾ?’ ಎಂದು ಅಂಕಲ್ ಕೇಳಿದರು. ಇಲ್ಲ, ಯಲಹಂಕದ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತೇನೆ ಎಂದೆ. ‘ಕಂಪ್ಯೂಟರ್ ಮಾಡುತ್ತೋ ನೀವು ಮಾಡ್ತೀರೋ?’ ಎಂದರು.

ಅಂಕಲ್ ಹತ್ತಿರದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ತಯಾರಾಗಿ ಬಂದ ಬಿಡಿಭಾಗವನ್ನು ಅಳತೆ ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು ಅವರ ಕೆಲಸವಾಗಿತ್ತು. ನಿವೃತ್ತಿಯ ನಂತರ ಚೀಟಿ ಕಟ್ಟಲು ಏನೂ ಸಿಗದೆ, ಗಾಡಿಯಲ್ಲಿ ಬರುವ ಬೀನ್ಸು, ಎದುರು ಮನೆಯವರು ಕಟ್ಟಿಸಿದ ಕಾಂಪೌಂಡು, ನಾನು ಒಗೆದು ಹರವುವ ಬಟ್ಟೆ ಎಲ್ಲಕ್ಕೂ ಬಾಯಿಮಾತಿನಲ್ಲೇ ತೀರ್ಪು ಕೊಡುತ್ತಿದ್ದರು. ಆಂಟಿ ಮಾಕಳಿ ಎಂಬ ಹಳ್ಳಿಯ ಕಡೆಯವರು. ನಾಲ್ಕು ದಶಕ ಜಾಲಹಳ್ಳಿಯಲ್ಲಿ ಸಂಸಾರ ಮಾಡಿ ಅವರ ಮಾತು ಪೇಟೆಯದಾಗಿತ್ತು. ಸಿಟ್ಟು ಬಂದಾಗ ಮಾತ್ರ ‘ಹ’ಕಾರ ಕಳಚಿಕೊಂಡು ಊರಿನ ಮಾತು ಹೊರಬರುತ್ತಿತ್ತು.

ಬಂದ ಎರಡನೇ ವಾರವೇ ಆಂಟಿ ಒಂದು ಡಬ್ಬಿ ನಿಪ್ಪಟ್ಟು ಹಿಡಿದು ಮೇಲೆ ಬಂದರು. ಮೈಕಿನ ಕಡೆ ಒಮ್ಮೆ ನೋಡಿ ಹೇಳಿದರು:

‘ನಮ್ಮಜ್ಜಿ ಹಾಡ್ತಿದ್ದ ಹಸೆ ಹಾಡು ಹನ್ನೊಂದು ನಂಗೆ ಬಾಯಿಗೆ ಬರುತ್ತೆ. ಮದುವೆಲಿ ಹೆಣ್ಣು ಗಂಡನ್ನ ಹಸೆಮಣೆಗೆ ಕರೆಯೋ ಹಾಡುಗಳು. ನನ್ ತಂಗಿಗೆ ಒಂದೂ ಬರಲ್ಲ. ಊರಲ್ಲಿ ಇನ್ನ್ಯಾರಿಗೂ ಬರಲ್ಲ. ರೆಕಾರ್ಡ್ ಮಾಡ್ಕೊಡ್ತೀಯೇನೇ? ಅವಳು ಫೋನಲ್ಲಿ ಕೇಳ್ಕೊಂಡು ಕಲೀತಾಳೆ.’

ಅದಕ್ಕೇನು, ಒಂದು ಭಾನುವಾರದ ಕೆಲಸ ಎಂದೆ. ಆ ಮಾತನ್ನು ನಾನು ಪೂರ್ತಿ ನಂಬಿಯೇ ಆಡಿದ್ದೆ.

ಭಾನುವಾರ ಬೆಳಿಗ್ಗೆ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ಆರಿಸಿ, ಆಂಟಿಯನ್ನು ಮೈಕಿನ ಮುಂದೆ ಕೂರಿಸಿದೆ. ಅವರ ದನಿ ತೆಳ್ಳಗೆ, ಎತ್ತರಕ್ಕೆ, ಸೂಜಿಯ ಹಾಗೆ ನೇರವಾಗಿ ಹೋಗುತ್ತಿತ್ತು. ಮೊದಲ ಹಾಡಿನ ಮೊದಲ ನಾಲ್ಕು ಸಾಲು ಮುಗಿಯುವ ಹೊತ್ತಿಗೆ ವಾಯುಪಡೆಯ ಹೆಲಿಕಾಪ್ಟರೊಂದು ತಲೆಯ ಮೇಲೆ ಹಾದು ಹೋಯಿತು. ನಿಲ್ಲಿಸಿದೆ. ಬಾಗಿಲಲ್ಲಿ ನಿಂತಿದ್ದ ಅಂಕಲ್ ಹೆಡ್‌ಫೋನು ಕೇಳಿ ಪಡೆದು, ಕಣ್ಣು ಮುಚ್ಚಿ ಆ ನಾಲ್ಕು ಸಾಲು ಆಲಿಸಿದರು.

‘ಹೆಲಿಕಾಪ್ಟರ್ ಬಂದಿದೆ. ಹಾಡು ಒಂದ್ಕಡೆ ಜೋರು, ಒಂದ್ಕಡೆ ಮೆಲ್ಲಗೆ. ಬೀರು ಒಳಗೆ ಕೂತು ಹಾಡ್ದಂಗಿದೆ. ಇದನ್ನ ರೀವರ್ಕ್ ಮಾಡೋಕಾಗುತ್ತಾ?’

ಅಲ್ಲೇ ನಾನು ತಪ್ಪು ಮಾಡಿದ್ದು. ‘ಆಗುತ್ತೆ ಅಂಕಲ್, ಅದಕ್ಕೆಲ್ಲ ಪ್ಲಗಿನ್‌ಗಳಿವೆ’ ಎಂದೆ. ಪ್ಲಗಿನ್ ಎಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ತಗುಲಿಹಾಕುವ ಪುಟ್ಟ ಪ್ರೋಗ್ರಾಮು. ಒಂದೊಂದಕ್ಕೆ ಒಂದೊಂದು ಕಸುಬು. ಒಂದು ಗದ್ದಲ ತೆಗೆಯುತ್ತದೆ, ಇನ್ನೊಂದು ಏರಿಳಿತವನ್ನು ಸಮ ಮಾಡುತ್ತದೆ, ಮತ್ತೊಂದು ರೂಮಿನಲ್ಲಿ ಹಾಡಿದ್ದನ್ನು ದೊಡ್ಡ ಸಭಾಂಗಣದಲ್ಲಿ ಹಾಡಿದಂತೆ ಮೊಳಗಿಸುತ್ತದೆ. ಇಷ್ಟಕ್ಕೇ ಬಿಡಬಹುದಿತ್ತು. ಆದರೆ ‘ಎಷ್ಟೋ ಪುಕ್ಕಟೆಯಾಗೇ ಸಿಗುತ್ತವೆ’ ಎಂದೂ ಸೇರಿಸಿದೆ.

ಪುಕ್ಕಟೆ ಎಂಬುದು ಅಂಕಲ್‌ಗೆ ಆಸೆಯ ಮಾತಾಗಿ ಕೇಳಲಿಲ್ಲ, ಅನುಮಾನದ ಮಾತಾಗಿ ಕೇಳಿತು. ಪುಕ್ಕಟೆ ಕೊಡುವವನು ಇನ್‌ಸ್ಪೆಕ್ಷನ್ ಮಾಡಿಸಿರುವುದಿಲ್ಲ, ಆದ್ದರಿಂದ ಅದನ್ನು ನಾವೇ ಮಾಡಬೇಕು ಎಂದರು. ಮಾರನೆಯ ಸಂಜೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವರು ಉದ್ದನೆಯ ರಿಜಿಸ್ಟರಿಗೆ ಸ್ಕೇಲು ಹಿಡಿದು ಕಾಲಂ ಎಳೆದಿಟ್ಟಿದ್ದರು. ಪಕ್ಕದಲ್ಲಿ ಮೂರು ಬಣ್ಣದ ಸ್ಕೆಚ್ ಪೆನ್ನು.

ಪರೀಕ್ಷೆಗೆ ಒಂದೇ ಮಾದರಿ ಇರಬೇಕು ಎಂಬುದು ಅವರ ವಿಭಾಗದ ನಿಯಮ. ಹಾಗಾಗಿ ಆಂಟಿಯ ಆ ನಾಲ್ಕು ಸಾಲೇ ನಮ್ಮ ಮಾದರಿಯಾಯಿತು. ದಿನಾ ಸಂಜೆ ಒಂದೋ ಎರಡೋ ಪ್ಲಗಿನ್ ಇಳಿಸಿಕೊಂಡು, ನಾಲ್ಕು ಸಾಲನ್ನು ಅದರೊಳಗೆ ಹಾಯಿಸಿ, ಕೇಳಿ, ಅಂಕ ಕೊಡುತ್ತಿದ್ದೆವು. ಇಂಗ್ಲಿಷ್ ಹೆಸರುಗಳು ನೆನಪಿನಲ್ಲಿ ಉಳಿಯದೆ ನಾವೇ ನಾಮಕರಣ ಮಾಡಿದೆವು. ಮೊಳಗಿಸುವ ಪ್ಲಗಿನ್‌ಗಳಲ್ಲಿ ಮೂರು ಕೊನೆಯ ಸುತ್ತಿಗೆ ಬಂದವು. ಒಂದಕ್ಕೆ ಕಲ್ಯಾಣಮಂಟಪ ಎಂದು ಕರೆದೆವು; ಅದರಲ್ಲಿ ಹಾಡು ಮುಗಿದ ಮೇಲೂ ಹಾಡಿನ ಬಾಲ ಬಹಳ ಹೊತ್ತು ಅಲ್ಲೇ ಸುಳಿದಾಡುತ್ತಿತ್ತು. ಎರಡನೆಯದು ಬಚ್ಚಲುಮನೆ. ಮೂರನೆಯದು ಗುಡಿ, ಕಲ್ಲಿನ ಗೋಡೆಗೆ ದನಿ ತಾಗಿ ಮೆಲ್ಲಗೆ ಹಿಂತಿರುಗುವಂತೆ ಕೇಳುತ್ತಿತ್ತು. ನನಗೆ ಗುಡಿ ಇಷ್ಟ. ಅಂಕಲ್‌ಗೆ ಬಚ್ಚಲುಮನೆ ಇಷ್ಟ, ಏಕೆಂದರೆ ಅದರ ಪರದೆಯ ಮೇಲೆ ಪ್ರತಿಯೊಂದಕ್ಕೂ ನಂಬರು ಕಾಣುತ್ತಿತ್ತು.

‘ಗುಡಿಲಿ ಬರೀ ಗುಂಡಿ ಇದೆ. ಎಷ್ಟು ತಿರುಗಿಸ್ದೆ ಅಂತ ಹೆಂಗೆ ಗೊತ್ತಾಗ್ಬೇಕು?’

‘ಕಿವಿಗೆ ಗೊತ್ತಾಗುತ್ತಲ್ಲ ಅಂಕಲ್.’

‘ಕಿವಿ ಅಳತೆ ಗೇಜ್ ಅಲ್ಲಮ್ಮ.’

ಗದ್ದಲ ತೆಗೆಯುವವುಗಳ ಕಥೆ ಬೇರೆ. ಒಂದಂತೂ ಹೆಲಿಕಾಪ್ಟರನ್ನು ಎಷ್ಟು ಶ್ರದ್ಧೆಯಿಂದ ಒರೆಸಿತೆಂದರೆ ಆಂಟಿಯ ಸ, ಶ, ಷ ಅಕ್ಷರಗಳೂ ಜೊತೆಗೇ ಹೋದವು. ಹಾಡಿನ ಸೊಸೆ ‘ಒಎ’ ಆಗಿ ಹಸೆಮಣೆಗೆ ಬಂದಳು. ಇನ್ನೊಂದನ್ನು ಇಳಿಸಿಕೊಳ್ಳಲು ಇಮೇಲ್ ವಿಳಾಸ ಕೇಳಿತು. ಅಂಕಲ್ ತಮ್ಮದನ್ನೇ ಕೊಟ್ಟರು. ಅವತ್ತಿನಿಂದ ‘ಇವತ್ತೇ ಕೊನೆಯ ದಿನ, ಅರ್ಧ ಬೆಲೆ’ ಎಂಬ ಪತ್ರ ದಿನವೂ ಬರತೊಡಗಿತು. ಅಂಕಲ್ ಪ್ರತಿಯೊಂದಕ್ಕೂ ‘ಮಾನ್ಯರೇ’ ಎಂದು ಆರಂಭಿಸಿ, ಸದ್ಯಕ್ಕೆ ಅಗತ್ಯವಿಲ್ಲವೆಂದು ಸವಿನಯವಾಗಿ ಉತ್ತರ ಬರೆಯುತ್ತಿದ್ದರು. ಯಾರೂ ಓದದ ಆ ಪತ್ರಗಳಲ್ಲಿ ಅವರ ಇಂಗ್ಲಿಷ್ ಬಹಳ ಸುಧಾರಿಸಿತು.

ಏರಿಳಿತ ಸಮ ಮಾಡುವ ಒಂದನ್ನು ಹಾಕಿದಾಗ ನಡುನಡುವೆ ‘ಸ್ಸ್ಸ್’ ಎಂಬ ಸದ್ದು ಕೇಳಿಸತೊಡಗಿತು. ಅಂಕಲ್ ಮಹಡಿಯಿಂದಲೇ ಕೂಗಿದರು: ‘ಹಾಡೋವಾಗ ಉಸಿರು ಯಾಕೆ ಹಂಗೆ ಎಳೀತೀಯ?’ ಆಂಟಿ ಮೂರು ದಿನ ಅಡಿಗೆಮನೆಯಲ್ಲಿ ಉಸಿರು ಬಿಗಿಹಿಡಿದು ಹಾಡಲು ಅಭ್ಯಾಸ ಮಾಡಿದರು. ನಾಲ್ಕನೆಯ ದಿನ ನನಗೆ ಗೊತ್ತಾಯಿತು, ಅದು ಪುಕ್ಕಟೆಯದಲ್ಲ, ಕೊಳ್ಳಲಿ ಎಂದು ನೆನಪಿಸಲು ತಾನೇ ಆಗಾಗ ಬುಸುಗುಡುವ ಮಾದರಿ ಪ್ರತಿ. ಅಂಕಲ್ ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದರು. ಆಂಟಿಯ ಕ್ಷಮೆ ಕೇಳುವ ಕಾಲಂ ಅದರಲ್ಲಿರಲಿಲ್ಲ.

ಆಂಟಿ ವಾರಕ್ಕೊಮ್ಮೆ ಮೆಟ್ಟಿಲ ಕೆಳಗೆ ನಿಂತು ಕೇಳುತ್ತಿದ್ದರು. ‘ಎರಡನೇ ಪದ್ಯ ಹಾಡ್ಲೇನ್ರೀ?’

‘ಇರು ಇರು, ಮೊದಲ್ನೇದು ಪಾಸ್ ಆಗ್ಲಿ.’

ನಾನೂ ‘ಮುಂದಿನ ವಾರ ಆಂಟಿ’ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಸಂಜೆಗಳು ಹಿತವಾಗಿದ್ದವು. ಒಂದು ಹಾಡು ಮಾಡಿ ಮುಗಿಸಿದರೆ ಅದು ಚೆನ್ನಾಗಿಲ್ಲ ಎಂದು ಯಾರಾದರೂ ಹೇಳಬಹುದು. ಹೋಲಿಕೆ ಮಾಡುತ್ತಿರುವವರನ್ನು ಯಾರೂ ಏನೂ ಅನ್ನುವುದಿಲ್ಲ. ಹೀಗೆ ಯುಗಾದಿಗೆ ಶುರುವಾದದ್ದು ದಸರೆಯವರೆಗೆ ಬಂತು.

ದಸರೆ ಕಳೆದ ಮೇಲೆ ಆಂಟಿಯ ಕತ್ತಿನಲ್ಲಿ ಸಣ್ಣ ಗಡ್ಡೆಯಿದೆ ಎಂದು ತಿಳಿಯಿತು. ಥೈರಾಯ್ಡ್. ಹೆಬ್ಬಾಳದ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ವೈದ್ಯರು ಭಯಪಡುವಂಥದ್ದಲ್ಲ, ಆದರೆ ತೆಗೆಯಬೇಕು ಎಂದರು. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಸ್ವಲ್ಪ ಬದಲಾಗಬಹುದು ಎಂದೂ ಮೊದಲೇ ಹೇಳಿದರು. ಅವರು ಅದನ್ನು ಹೇಳುವಾಗ ಅಂಕಲ್ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಗಂಟಲಿನ ಚಿತ್ರ ನೋಡಿದೆ. ಆಪರೇಷನ್ನಿಗೆ ದಿನ ನಿಗದಿಯಾಗಿತ್ತು, ನಡುವೆ ಎರಡೇ ದಿನ, ಅವೂ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಂದು ಓಡಾಟದಲ್ಲೇ ಕಳೆದವು.

ಶಸ್ತ್ರಚಿಕಿತ್ಸೆ ಸರಾಗವಾಗಿ ಆಯಿತು. ಮೊದಲ ವಾರ ಆಂಟಿ ಪಿಸುಗುಟ್ಟಿದರು. ಆಮೇಲೆ ದನಿ ಬಂತು, ಆದರೆ ದಪ್ಪಗೆ, ತಗ್ಗಿನಲ್ಲಿ, ಸ್ವಲ್ಪ ಮರಳು ಬೆರೆತಂತೆ. ಮಾತಿಗೆ ತೊಂದರೆಯಿರಲಿಲ್ಲ. ಹಾಡಲು ಹೋದರೆ ಮೇಲಿನ ಸ್ವರಗಳ ಹತ್ತಿರ ದನಿ ಹಾಗೇ ನಿಂತುಬಿಡುತ್ತಿತ್ತು. ಮೆಲ್ಲಗೆ ಮರಳಬಹುದು, ಮರಳದೆಯೂ ಇರಬಹುದು ಎಂದರು ವೈದ್ಯರು.

ಒಂದು ಸಂಜೆ ಅಂಕಲ್ ಮೇಲೆ ಬಂದು ಕುರ್ಚಿ ಎಳೆದುಕೊಂಡು ಕೂತರು. ರಿಜಿಸ್ಟರು ತಂದಿರಲಿಲ್ಲ.

‘ನಮ್ಮತ್ರ ಏನಿದೆಯಮ್ಮ ಈಗ?’

‘ನಾಲ್ಕು ಸಾಲು ಅಂಕಲ್.’

‘ಎಷ್ಟು ಸಲ?’

ಲೆಕ್ಕ ಮಾಡಿ ನೋಡಿದೆ. ನಲವತ್ತಾರು ಫೈಲು. ಕಲ್ಯಾಣಮಂಟಪದಲ್ಲಿ ಹಾಡಿದ್ದು, ಬಚ್ಚಲಲ್ಲಿ ಹಾಡಿದ್ದು, ಗುಡಿಯಲ್ಲಿ ಹಾಡಿದ್ದು, ಸಕಾರವಿಲ್ಲದೆ ಹಾಡಿದ್ದು. ಎಲ್ಲದರಲ್ಲೂ ಆ ತೆಳ್ಳನೆಯ ದನಿ ನಾಲ್ಕನೇ ಸಾಲಿಗೆ ಬಂದು ಹೆಲಿಕಾಪ್ಟರಿಗೆ ಹೆದರಿ ನಿಲ್ಲುತ್ತಿತ್ತು. ಅಂಕಲ್ ಏನೂ ಹಾಕದ ಮೂಲ ಫೈಲನ್ನು ಹಾಕಿಸಿಕೊಂಡು ಕೇಳಿದರು. ಹೆಡ್‌ಫೋನು ತೆಗೆದು ಬಹಳ ಹೊತ್ತು ಅದರ ವೈರನ್ನು ಸುತ್ತುತ್ತ, ಬಿಚ್ಚುತ್ತ ಕೂತರು.

‘ದನಿ ಎತ್ತರ ಮಾಡೋ ಪ್ಲಗಿನ್ ಇದೆಯಾ?’ ಎಂದರು ಕೊನೆಗೆ.

ಇತ್ತು. ಅದೂ ಪುಕ್ಕಟೆ. ಆಂಟಿಯ ಹೊಸ ದನಿಯಲ್ಲಿ ಎರಡು ಸಾಲು ಫೋನಿನಲ್ಲಿ ಹಿಡಿದುಕೊಂಡು ಬಂದು, ಹಳೆಯ ಎತ್ತರಕ್ಕೆ ಏರಿಸಿದೆವು. ಬ್ಯಾಟರಿ ಮುಗಿಯುತ್ತಿರುವ ಆಟಿಕೆಯೊಂದು ಮದುವೆಯಲ್ಲಿ ಹಾಡಿದಂತಿತ್ತು. ಗುಂಡಿ ತಿರುಗಿಸಿ ತಿರುಗಿಸಿ ನೋಡುತ್ತಿರುವಾಗ ಬಾಗಿಲಲ್ಲಿ ಆಂಟಿ ನಿಂತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

‘ಯಾರದು?’

‘ನೀನೇ ಕಣೆ’ ಎಂದರು ಅಂಕಲ್, ಬಹಳ ಮೆಲ್ಲಗೆ.

‘ನಾನ್ ಸತ್ರೂ ಇಂಗೆ ಆಡಲ್ಲ!’ ಆಂಟಿಯ ‘ಹ’ಕಾರ ಹೊರಟುಹೋಗಿತ್ತು. ‘ಏಳು ತಿಂಗ್ಳು ಒಂದೇ ಪದ್ಯ ಮಸ್ಕೊಂಡು ಕುಂತಿದ್ರಿ ಇಬ್ರೂ. ಸರಿಯಾಗಿದ್ದಾಗ ಆಡುಸ್ಲಿಲ್ಲ, ಈಗ ಇಲ್ಲದ್ದನ್ನ ತರಾಕೆ ಒಂಟವ್ರೆ. ನಾಳೆ ಬೆಳಿಗ್ಗೆ ಮೈಕ್ ಇಡು. ಅನ್ನೊಂದೂ ಆಡ್ತೀನಿ. ಎಲಿಕಾಪ್ಟ್ರು ಬಂದ್ರೆ ಬರ್ಲಿ, ಅದೂ ಕೇಳ್ಲಿ.’

ನಾನು ಆ ಪ್ಲಗಿನ್ ಮುಚ್ಚಿದೆ.

ಮೂರು ಬೆಳಿಗ್ಗೆ ಹಿಡಿಯಿತು. ನಡುವೆ ಬಿಸಿನೀರು ಕುಡಿಯುತ್ತ, ಕತ್ತಿನ ಗಾಯದ ಮೇಲೆ ಸೆರಗು ಹೊದ್ದುಕೊಂಡು, ಆಂಟಿ ಹನ್ನೊಂದನ್ನೂ ತಗ್ಗಿನ ಶ್ರುತಿಯಲ್ಲಿ ಹಾಡಿದರು. ಎತ್ತರದ ದನಿಯ ಆ ನಾಲ್ಕು ಸಾಲು ಕರೆಯುವಂತಿದ್ದವು. ಈಗ ಹಾಡುಗಳು ಪಕ್ಕದಲ್ಲಿ ಕೂತು ಸಮಾಧಾನ ಹೇಳುವಂತೆ ಕೇಳಿದವು. ಏಳನೆಯ ಹಾಡಿನಲ್ಲಿ ತವರಿನ ಹೆಸರು ಬಂದಾಗ ದನಿ ಒಡೆಯಿತು. ಮತ್ತೆ ಹಾಡುತ್ತೀರಾ ಎಂದು ಕೇಳಿದ್ದಕ್ಕೆ ಕೈಯಾಡಿಸಿ ಮುಂದೆ ಹೋದರು. ಅಂಕಲ್‌ಗೆ ಫ್ರಿಜ್ಜು ಆರಿಸುವ, ಗೇಟಿನಲ್ಲಿ ನಿಂತು ಸೊಪ್ಪಿನ ಗಾಡಿಯನ್ನು ತಡೆಯುವ ಕೆಲಸ ಕೊಟ್ಟಿದ್ದೆ. ಮೂರನೆಯ ದಿನ ಅವರು ಗೇಟಿನಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಿಟಕಿಯಿಂದ ಕಂಡೆ. ಸೊಪ್ಪಿನವಳು ತನ್ನ ಗಾಡಿಯ ಮೈಕು ಆಫ್ ಮಾಡಿ, ‘ಯಾಕೆ ಸಾರ್?’ ಎಂದು ಕೇಳುತ್ತಿದ್ದಳು.

ಆದರೂ ಹಳೆಯ ಚಾಳಿ ಬಿಡಲಿಲ್ಲ. ಕಳಿಸುವ ಮುಂಚೆ ಯಾವ ಮೊಳಗು ಹಾಕೋಣ ಎಂದು ಆಂಟಿಯನ್ನೇ ಕೂರಿಸಿ ಮೂರನ್ನೂ ಕೇಳಿಸಿದೆವು. ಅವರು ಗಮನವಿಟ್ಟೇ ಕೇಳಿದರು.

‘ಮೂರೂ ಒಂದೇ ಥರ ಇದೆಯಲ್ಲೇ.’

ಗುಡಿಯನ್ನು ಒಂದಿಷ್ಟೇ ಹಾಕಿದೆ. ನಾನು ಗೆದ್ದೆ ಎಂದು ಹೇಳಿಕೊಳ್ಳಲು ಅಲ್ಲಿ ಯಾರೂ ಸೋತಿರಲಿಲ್ಲ.

ಹನ್ನೊಂದು ಹಾಡನ್ನೂ ಆಂಟಿಯ ಫೋನಿನಿಂದಲೇ ಮಾಕಳಿಯ ತಂಗಿಗೆ ಕಳಿಸಿದೆವು. ಗಾಬರಿಯಾಗುತ್ತಾಳೆಂದು ಆಂಟಿ ಅವಳಿಗೆ ಆಪರೇಷನ್ನಿನ ವಿಷಯ ಹೇಳಿರಲಿಲ್ಲ, ಆಮೇಲೆ ಫೋನಿನಲ್ಲಿ ಮಾತೂ ಆಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಂಗಿಯ ವಾಯ್ಸ್ ಮೆಸೇಜ್ ಬಂತು. ಮೂವರೂ ಒಟ್ಟಿಗೆ ಕೇಳಿದೆವು.

‘ಅಕ್ಕಾ, ಬಾವ ಇಷ್ಟ್ ಚೆನ್ನಾಗ್ ಆಡ್ತಾರೆ ಅಂತ ಒಂದ್ ದಿನಾನೂ ಯೋಳಿಲ್ವಲ್ಲ ನೀನು! ಎಂಗ್ಸ್ರ ಆಡ್ನ ಗಂಡಸ್ರು ಇಂಗೆ ಆಡಾದು ನಾನ್ ಕೇಳೇ ಇಲ್ಲ.’

ನನಗೆ ಆಂಟಿಯ ಮುಖ ನೋಡಲು ಧೈರ್ಯವಾಗಲಿಲ್ಲ. ಆಮೇಲೆ ಆ ದಪ್ಪ ದನಿಯಲ್ಲಿ ನಗು ಶುರುವಾಯಿತು, ಕತ್ತು ಹಿಡಿದುಕೊಂಡು ನಕ್ಕರು, ‘ನೋಯುತ್ತೆ ಕಣ್ರೀ, ನಗಿಸ್ಬೇಡಿ’ ಎನ್ನುತ್ತ ನಕ್ಕರು, ತಂಗಿಗೆ ಮಾತ್ರ ನಿಜ ಹೇಳಲಿಲ್ಲ. ಅಂಕಲ್ ನಗಲಿಲ್ಲ. ಸಂಜೆಯೊಳಗೆ ಷಡ್ಡಕರು, ಅವರ ಬೀಗರು, ಯಾರು ಯಾರೋ ಫೋನ್ ಮಾಡಿ ಅವರನ್ನು ಹೊಗಳಿದರು. ಮೊದಲ ಮೂವರಿಗೆ ಅವರು ‘ಅಲ್ಲ ಅಲ್ಲ, ಅದು ಅವಳು’ ಎಂದರು, ಅವರು ಅದನ್ನು ವಿನಯವೆಂದುಕೊಂಡರು. ನಾಲ್ಕನೆಯವರಿಗೆ ‘ಹೂಂ, ಏನೋ ಸ್ವಲ್ಪ’ ಎಂದದ್ದು ಮೆಟ್ಟಿಲ ಮೇಲಿದ್ದ ನನ್ನ ಕಿವಿಗೂ ಬಿತ್ತು.

ಅದರ ಫಲವಾಗಿ ಮಾಘದಲ್ಲಿ ತುಮಕೂರು ರಸ್ತೆಯ ಛತ್ರವೊಂದರಲ್ಲಿ ನಡೆದ ನೆಂಟರ ಮದುವೆಗೆ ಹಸೆ ಹಾಡಲು ಅಂಕಲ್‌ಗೇ ಕರೆ ಬಂತು. ಅವರು ಹಿಂದಿನ ದಿನದಿಂದಲೇ ಗಂಟಲು ಸರಿಯಿಲ್ಲ ಎಂದರು. ಆಂಟಿ ರೇಷ್ಮೆ ಸೀರೆ ಉಟ್ಟು ತಾವೇ ಹೊರಟರು. ನನ್ನನ್ನೂ ಕರೆದೊಯ್ದರು. ಹಸೆಮಣೆಯ ಬಳಿ ಅವರು ಹಾಡತೊಡಗಿದಾಗ ತಂಗಿಯ ಬಾಯಿ ತೆರೆದುಕೊಂಡಿತು. ‘ಅಯ್ಯೋ, ನೀನೇನಕ್ಕಾ ಅದು?’ ಎಂದವಳು, ಅಳುತ್ತಲೇ ಪಕ್ಕದಲ್ಲಿ ಕೂತು ಸೊಲ್ಲು ಸೇರಿಸಿದಳು. ಫೋನಿನಲ್ಲಿ ಕೇಳಿ ಕೇಳಿ ಅವಳಿಗೆ ಮೂರು ಹಾಡು ಬಾಯಿಗೆ ಬಂದಿದ್ದವು. ಅವಳು ಕಲಿತದ್ದೂ ಆ ತಗ್ಗಿನ ಶ್ರುತಿಯಲ್ಲೇ. ಮೇಲಕ್ಕೆ ಹಾಡುವುದು ಅವಳಿಗೆ ಗೊತ್ತೇ ಇರಲಿಲ್ಲ. ಎರಡನೇ ಪದ್ಯಕ್ಕೆ ಹಿಂದಿನ ಸಾಲಿನ ಕುರ್ಚಿಯಿಂದ ಮುದುಕರೊಬ್ಬರು ದನಿಗೂಡಿಸಿದರು. ತಮ್ಮ ತಾಯಿ ಹಾಡುತ್ತಿದ್ದ ಹಾಡಂತೆ, ಇಷ್ಟು ವರ್ಷ ಹೆಂಗಸರ ಎತ್ತರದ ಶ್ರುತಿಗೆ ದನಿ ಎಟುಕದೆ ಸುಮ್ಮನಿದ್ದರಂತೆ. ಹೆಣ್ಣು ಗಂಡು ಮಣೆಯ ಮೇಲೆ ಕೂತಾಗಿತ್ತು, ಪುರೋಹಿತರು ಗಡಿಯಾರ ನೋಡುತ್ತಿದ್ದರು. ಆಂಟಿ ಅವರಿಗೆ ಕೈಸನ್ನೆಯಲ್ಲೇ ಕಾಯಲು ಹೇಳಿ, ಮೂರನೇ ಪದ್ಯ ಎತ್ತಿಕೊಂಡರು.